ನಂದು, ನಿಂದು

‘ಅಕ್ಕರೆ ಕಮ್ಮಿ ಆಯ್ತೇನ್ರೀ?’ ಎಂದು ಹೆಂಡತಿ ಬೆನ್ನ ಹಿಂದಿನಿಂದ ಕೇಳಿದಾಗ ಅವನು ಕಾಫಿಯ ಲೋಟವನ್ನು ತುಟಿಯವರೆಗೆ ತಂದವನು ಹಾಗೇ ಹಿಡಿದುಕೊಂಡು ಕೂತ. ಬೆಳಗಾಗೆದ್ದು ಇದೆಂಥ ಪ್ರಶ್ನೆ! ಮದುವೆಯಾದಾಗಿನಿಂದ ಇಂಥ ಮಾತು ಇವಳ ಬಾಯಿಂದ ಬಂದದ್ದಿಲ್ಲ. ಆದರೂ ಎದೆಯೊಳಗೆ ಎಲ್ಲೋ ಚುರುಕ್ಕೆಂದಿತು. ಹೌದಲ್ಲ, ಇವಳ ಮುಖ ನೋಡಿ ಮಾತಾಡಿ ಎಷ್ಟು ಕಾಲವಾಯಿತು. ಈಚೆಗಂತೂ ಅವಳು ಏನೇ ಹೇಳಲಿ, ತನ್ನದು ಒಂದೇ ‘ಹೂಂ’. ಪಾಪ, ಒಳಗೊಳಗೇ ಎಷ್ಟು ನೊಂದಿದ್ದಾಳೋ. ‘ಕಮ್ಮಿ ಯಾಕಾಗುತ್ತೆ? ಬಾಯಿಬಿಟ್ಟು ಹೇಳಲ್ಲ ಅಷ್ಟೆ. ಇದ್ದೇ ಇದೆ, ಎಲ್ಲಿಗೆ ಹೋಗುತ್ತೆ’ ಎಂದು ಎದುರಿನ ಗೋಡೆಗೆ ಹೇಳಿದಂತೆ ಹೇಳಿದ. ಆಮೇಲೆ ಹೆಂಡತಿ ಸುತ್ತಿಕೊಂಡು ಬಂದು ಎದುರಿಗೆ ನಿಂತಳು. ಅವಳ ಕೈಯಲ್ಲಿ ಡಬ್ಬಿ ಇತ್ತು, ಡಬ್ಬಿಯಲ್ಲಿ ಚಮಚ ಇತ್ತು. ‘ಸಕ್ಕರೆ’ ಎಂದಳು, ತುಟಿಗಳನ್ನು ದೊಡ್ಡದು ಮಾಡಿ, ಮಗುವಿಗೆ ಅಕ್ಷರ ಕಲಿಸುವವಳ ಹಾಗೆ.

ಅವಳು ನಕ್ಕಿದ್ದರೆ ಚೆನ್ನಾಗಿತ್ತು. ನಗಲಿಲ್ಲ. ಅವಳ ಕಣ್ಣು ಒದ್ದೆಯಾದದ್ದು ಆ ಉತ್ತರಕ್ಕೋ, ಅದು ತಪ್ಪು ಪ್ರಶ್ನೆಗೆ ಬಂದ ಉತ್ತರವಾಗಿದ್ದಕ್ಕೋ ಅವನಿಗೆ ತಿಳಿಯಲಿಲ್ಲ. ‘ತಮಾಷೆ ಮಾಡಿದೆ ಕಣೇ’ ಎಂದ. ‘ನಿಮ್ಮ ಜಾಣಕಿವುಡು ನಂಗೊತ್ತಿಲ್ವಾ’ ಎಂದು, ಅವನು ಕೇಳದಿದ್ದರೂ, ಅವಳು ಒಂದು ಚಮಚ ಸಕ್ಕರೆ ಹಾಕಿ ಕಲಕಿದಳು. ಜಾಣಕಿವುಡು! ಎಂಥ ಒಳ್ಳೆಯ ಹೆಸರು. ಆಯಸ್ಸಿಡೀ ಬೇಕಾದ್ದು ಕೇಳಿಸಿಕೊಂಡು ಬೇಡದ್ದು ಬಿಟ್ಟ ಮನುಷ್ಯ ಅವನು. ಅಳಿಯ ಫೋನಿನಲ್ಲಿ ಹೇಳುವ ಬುದ್ಧಿಮಾತು, ನೆರೆಮನೆಯವರ ಕಾಂಪೌಂಡಿನ ತಕರಾರು, ಹೆಂಡತಿ ಮೂರು ಸಲ ಹೇಳಿದ ಮೇಲೂ ರಿಪೇರಿಯಾಗದ ನಲ್ಲಿ. ಈಗ ನಿಜವಾದ ಕಿವುಡು ಬಂದು ಆ ಹಳೆಯ ಜಾಣಕಿವುಡಿನ ಹಿಂದೆ ಹಾಯಾಗಿ ಅವಿತು ಕೂತಿತ್ತು. ಮೊದಲು ಹೋದದ್ದು ಬೆಳಗಿನ ಹಕ್ಕಿಗಳು. ಕಿಟಕಿಯಾಚೆಯ ಮರದಲ್ಲಿ ಅವು ಕೊಕ್ಕು ತೆರೆದು ಮುಚ್ಚುವುದು ಕಾಣುತ್ತಿತ್ತು, ಅಷ್ಟೆ. ಆಮೇಲೆ ಕುಕ್ಕರಿನ ಸೀಟಿ ಹೋಯಿತು, ಗಡಿಯಾರ ಹೋಯಿತು, ಮಾತುಗಳ ತುದಿಗಳು ಹೋದವು. ದಪ್ಪ ಸದ್ದುಗಳೆಲ್ಲ ಹಾಗೇ ಇದ್ದವು. ತೆಳ್ಳಗಿನವು ಮಾತ್ರ ಹೇಳದೆ ಕೇಳದೆ ಒಂದೊಂದಾಗಿ ಮನೆ ಬಿಟ್ಟುಹೋಗಿದ್ದವು. ಯಾರಿಗೂ ಗೊತ್ತಾಗಿರಲಿಲ್ಲ ಎಂದೇ ಅವನ ನಂಬಿಕೆ. ಗೊತ್ತಾದ ದಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ವಿಮಾನ ಹಾರಿಸುವುದು ನಿಲ್ಲುತ್ತದೆ, ಅದು ನಿಂತರೆ ತಾನು ಏನು ಎಂಬುದು ಅವನಿಗೆ ಗೊತ್ತಿರಲಿಲ್ಲ. ಬೆಳಗ್ಗೆ ಎದ್ದು ಮೊದಲು ಆಕಾಶ ನೋಡದೆ ಹಲ್ಲುಜ್ಜುವುದು ಹೇಗೆಂದೇ ಅವನಿಗೆ ತಿಳಿಯದು.

ಮಗಳು ನಿನ್ನೆ ಸಂಜೆ ಹೇಳದೆ ಕೇಳದೆ ಬಂದು ಇಳಿದಿದ್ದಳು. ದೊಡ್ಡ ಪ್ರಯಾಣಿಕರ ವಿಮಾನಗಳನ್ನು ನಡೆಸುವವಳು, ರಜೆಯೇ ಸಿಗುವುದಿಲ್ಲ ಎಂದು ಗೋಳಾಡುವವಳು, ಬ್ಯಾಗು ಸೋಫಾದ ಮೇಲೆಸೆದು, ‘ಚಿಕ್ಕಮ್ಮನ್ನ ನೋಡಿ ತುಂಬಾ ದಿನ ಆಯ್ತು ಅಪ್ಪ, ನಾಳೆ ನನ್ನ ಒಂದು ರೌಂಡ್ ಕರ್ಕೊಂಡು ಹೋಗು’ ಎಂದಳು. ಚಿಕ್ಕಮ್ಮ ಎಂದರೆ ಹೆಂಗಸಲ್ಲ. ಕ್ಲಬ್ಬಿನ ಹ್ಯಾಂಗರಿನಲ್ಲಿರುವ ಹಳೆಯ ವಿಮಾನ: ಒಂದರ ಮೇಲೊಂದು ಎರಡು ರೆಕ್ಕೆ, ಮರದ ಚೌಕಟ್ಟಿಗೆ ಬಿಗಿದ ಬಟ್ಟೆ, ಹಿಂದೊಂದು ಮುಂದೊಂದು ತೆರೆದ ಗುಂಡಿಗಳಂಥ ಆಸನ, ತಲೆಯ ಮೇಲೆ ಏನೂ ಇಲ್ಲ. ಭಾನುವಾರವೂ ಅವನು ಅದರ ಹತ್ತಿರ ಓಡುವುದನ್ನು ನೋಡಿ ಹೆಂಡತಿ ಹೊಸದರಲ್ಲಿ, ‘ಹೋಗಿ, ನಿಮ್ಮ ಎರಡನೆಯವಳು ಕಾಯ್ತಿದ್ದಾಳೆ’ ಎನ್ನುತ್ತಿದ್ದಳು. ಆಗ ಮಾತು ಕಲಿಯುತ್ತಿದ್ದ ಮಗಳು ಅಪ್ಪನ ಎರಡನೆಯವಳು ತನಗೆ ಏನಾಗಬೇಕೆಂದು ಅಜ್ಜಿಯನ್ನು ವಿಚಾರಿಸಿಕೊಂಡು ಬಂದು, ಅಂದಿನಿಂದ ಚಿಕ್ಕಮ್ಮ ಎಂದೇ ಕರೆದಳು. ಕ್ಲಬ್ಬಿನವರೆಲ್ಲ ಈಗ ಹಾಗೇ ಅನ್ನುವುದು. ನಿನ್ನೆ ಊಟಕ್ಕೆ ಕೂತಾಗ ಮಗಳು ಎದುರಿನ ಕುರ್ಚಿಯಲ್ಲಿ ಕೂತು ಅವನ ಮುಖವನ್ನೇ ನೋಡುತ್ತಿದ್ದಳು, ಪರೀಕ್ಷೆಯ ಕೋಣೆಯ ಮೇಲ್ವಿಚಾರಕರು ನೋಡುವ ಹಾಗೆ. ಯಾರೋ ಇವಳ ಕಿವಿ ಕಚ್ಚಿದ್ದಾರೆ ಎಂದುಕೊಂಡ. ಯಾರೋ ಏನು, ಕ್ಲಬ್ಬಿನ ಕಾರ್ಯದರ್ಶಿಯೇ ಇರಬೇಕು. ಹೋದ ವಾರ ಚಿಕ್ಕಮ್ಮನನ್ನು ಇಳಿಸುವಾಗ ನೆಲಕ್ಕೆ ಬಡಿದು ಎರಡು ಸಲ ಪುಟಿದಿತ್ತು, ದುಡ್ಡು ಕೊಟ್ಟು ಸವಾರಿಗೆ ಬಂದು ಮುಂದೆ ಕೂತಿದ್ದ ಹೆಂಗಸು ನಾಲಗೆ ಕಚ್ಚಿಕೊಂಡಿದ್ದಳು. ಕಾರ್ಯದರ್ಶಿ ಹ್ಯಾಂಗರಿನ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡಿದ್ದ, ಏನೂ ಅಂದಿರಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

ಕಾಫಿಯಾದ ಮೇಲೆ ಕ್ಲಬ್ಬಿಗೆ ಹೊರಟ ಕಾರಿನಲ್ಲಿ ಮಗಳು ಸ್ಟಿಯರಿಂಗ್ ಹಿಡಿದು ರಸ್ತೆ ನೋಡುತ್ತ ಮಾತಾಡಿದಳು. ಅವಳ ಮಾತು ಮುಂದಿನ ಗಾಜಿಗೆ ತಾಗಿ ಅಲ್ಲೇ ಉಳಿಯುತ್ತಿತ್ತು. ಅವನು ಆಗಾಗ ‘ಹೂಂ’ ಹಾಕಿದ, ನಡುವೆ ಒಂದು ಸಲ ನಕ್ಕ. ಸಿಗ್ನಲ್ಲಿನಲ್ಲಿ ಅವಳು ತಿರುಗಿ, ‘ಹೂಂ ಅಂದ್ರೆ ಎರಡರಲ್ಲಿ ಯಾವುದು?’ ಎಂದಳು. ಯಾವ ಎರಡು? ಅವನು ದೀಪ ನೋಡಿ, ‘ಹಸಿರು ಬಂತು ನೋಡು’ ಎಂದ. ಬಂದಿರಲಿಲ್ಲ. ಅವಳು ಅವನನ್ನು ಒಂದು ಗಳಿಗೆ ನೋಡಿ ಮುಂದೆ ತಿರುಗಿದಳು. ಒಂದು ಕಾಲದಲ್ಲಿ ಇದೇ ರಸ್ತೆಯಲ್ಲಿ ಅವನು ಕಾರು ನಡೆಸುತ್ತಿದ್ದ, ಪಕ್ಕದಲ್ಲಿ ಇವಳು, ಕಾಲೇಜಿನ ಹುಡುಗಿ, ಮಡಿಲಲ್ಲಿ ಚರ್ಮದ ಟೋಪಿ ಇಟ್ಟುಕೊಂಡು ಪಾಠ ಒಪ್ಪಿಸುತ್ತಿದ್ದಳು. ವಿಮಾನವನ್ನು ಏರಿಳಿಸುವ, ಬಾಗಿಸುವ ಕೋಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಮಾತಾಗಬೇಕು, ಏಕೆಂದರೆ ಎರಡು ಆಸನದಲ್ಲೂ ಕೋಲು ಇದೆ, ಎರಡು ಆಸನದಲ್ಲೂ ಪೆಡಲು ಇದೆ, ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಪುಸ್ತಕದಲ್ಲಿ ಅದಕ್ಕೆ ಉದ್ದುದ್ದ ಇಂಗ್ಲಿಷ್ ವಾಕ್ಯಗಳಿದ್ದವು. ಅಪ್ಪ ಮಗಳ ನಡುವೆ ಅವು ಯಾಕೆ? ಕೊಡುವವರು ‘ನಿಂದು’ ಅನ್ನುವುದು, ತೆಗೆದುಕೊಳ್ಳುವವರು ‘ನಂದು’ ಅನ್ನುವುದು. ‘ನಂದು ಅನ್ನೋದು ಕಿವಿಗೆ ಬೀಳೋವರೆಗೆ ಕೈ ಬಿಡಬಾರದು. ಪ್ರಾಣ ಹೋದ್ರೂ ಬಿಡಬಾರದು’ ಎಂದು ಅವನೇ ಹೇಳಿಕೊಟ್ಟಿದ್ದ. ಮಗಳು ಮನೆಯಲ್ಲಿ ಪಾತ್ರೆ ದಾಟಿಸುವಾಗಲೂ ‘ನಿಂದು’ ಅಂದು, ಅಮ್ಮ ‘ನಂದು’ ಅನ್ನುವವರೆಗೆ ಬಿಡದೆ ಸತಾಯಿಸುತ್ತಿದ್ದಳು.

ಹೇಳಿಕೊಟ್ಟವನೇ ಆ ಪಾಠ ಮುರಿಯುತ್ತಿದ್ದ ಎಂಬುದು ಬೇರೆ ಮಾತು. ಕೊಡುವುದಕ್ಕೆ ಮಾತು ಬೇಕಿತ್ತು, ಕಿತ್ತುಕೊಳ್ಳುವುದಕ್ಕೆ ಬೇಕಿರಲಿಲ್ಲ. ಕ್ಲಬ್ಬಿನಲ್ಲಿ ಕಲಿಸುವಾಗ ವಿದ್ಯಾರ್ಥಿಯ ಕೈ ಕೊಂಚ ನಡುಗಿದರೆ ಸಾಕು, ಅವನ ಕೈ ತಾನಾಗಿ ಕೋಲಿಗೆ ಹೋಗುತ್ತಿತ್ತು. ಹುಡುಗರು ಬೆನ್ನ ಹಿಂದೆ ಅವನಿಗೆ ‘ಕಿತ್ಕೋ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು, ಆಗ ಕಿವಿ ಚೆನ್ನಾಗಿತ್ತು, ಕೇಳಿಸುತ್ತಿತ್ತು. ಮಗಳು ಒಂದು ಬೆಳಗ್ಗೆ ಇಳಿಯಲು ಬಂದಿದ್ದಾಗ, ಸ್ವಲ್ಪ ಎತ್ತರದಲ್ಲಿದ್ದಳು, ಸ್ವಲ್ಪವೇ, ಅವಳೇ ಸರಿ ಮಾಡಿಕೊಳ್ಳುತ್ತಿದ್ದಳೇನೋ, ಅವನು ಕಿತ್ತುಕೊಂಡ. ಕಿತ್ತುಕೊಂಡವನಾದರೂ ನೆಟ್ಟಗೆ ಇಳಿಸಿದನೇ? ಇಬ್ಬರ ಕೈ ಸೇರಿ ಚಿಕ್ಕಮ್ಮ ಹುಲ್ಲಿಗೆ ದಬಾರನೆ ಬಿದ್ದಳು. ಕ್ಲಬ್ಬಿನವರೆಲ್ಲ ಚಹಾ ಕುಡಿಯುತ್ತ ನೋಡುತ್ತಿದ್ದರು. ಮಗಳು ಇಳಿದು, ಟೋಪಿ ತೆಗೆದು ಸೀಟಿನ ಮೇಲಿಟ್ಟು, ‘ನಾಳೆಯಿಂದ ನಾನು ಬರಲ್ಲ ಮೇಷ್ಟ್ರೇ’ ಎಂದಳು. ಮೇಷ್ಟ್ರೇ ಅಂದಳು! ಬೇರೆಯವರ ಮುಂದೆ ‘ನೀವು’ ಅನ್ನುತ್ತಿದ್ದಳು ನಿಜ, ಅದು ಮರ್ಯಾದೆಗೆ. ಅಪ್ಪ ಅನ್ನುವುದನ್ನು ಬಿಟ್ಟಿದ್ದು ಅದೇ ಮೊದಲು. ಆಮೇಲೆ ಅವಳು ಕಲಿತದ್ದೆಲ್ಲ ಆಗ ಎಳೆಯ ಮೇಷ್ಟ್ರಾಗಿದ್ದ ಈಗಿನ ಈ ಕಾರ್ಯದರ್ಶಿಯ ಹತ್ತಿರ. ರಜೆಗೆ ಬಂದಾಗ ಚಿಕ್ಕಮ್ಮನನ್ನು ಅವಳು ಹಾರಿಸುತ್ತಿದ್ದದ್ದುಂಟು, ಅವನು ಕ್ಲಬ್ಬಿನಲ್ಲಿಲ್ಲದ ಹೊತ್ತು ನೋಡಿಕೊಂಡು. ಮನೆಗೆ ಬಂದು ಅವಳು ಹೇಳುತ್ತಿರಲಿಲ್ಲ, ಅವನು ಕೇಳುತ್ತಿರಲಿಲ್ಲ, ಆದರೆ ಅವಳ ಕೂದಲಿಗೆ ಅಂಟಿದ ಎಂಜಿನ್ ಎಣ್ಣೆಯ ವಾಸನೆ ಅವನ ಮೂಗಿಗೆ ತಿಳಿಯದೆ ಹೋದೀತೇ.

ಹ್ಯಾಂಗರಿನ ತಗಡಿನ ಬಾಗಿಲು ಸರಿದಾಗ ಅದೇ ವಾಸನೆ ಎದ್ದು ಬಂತು: ಪೆಟ್ರೋಲು, ಎಣ್ಣೆ, ರೆಕ್ಕೆಯ ಬಟ್ಟೆಗೆ ಬಳಿಯುವ ಬಣ್ಣದ ಘಾಟು. ಅವನು ರೆಕ್ಕೆಯ ಅಡಿಯಲ್ಲಿ ಬೆರಳಿನಿಂದ ಬಡಿದು ನೋಡಿದ. ಬಟ್ಟೆ ಬಿಗಿಯಾಗಿದ್ದರೆ ಅದು ಟಣ್ಣೆನ್ನುತ್ತದೆ. ಈಗ ಬೆರಳಿಗೆ ಮಾತ್ರ ಅನ್ನುತ್ತಿತ್ತು. ಮೆಕ್ಯಾನಿಕ್ ಬಂದು ಮಗಳನ್ನು ಕಂಡು, ‘ಓಹೋ, ದೊಡ್ಡ ಕ್ಯಾಪ್ಟನ್ನು! ನಮ್ಮ ಗಾಳಿ ಹೊಂದುತ್ತಾ ಮೇಡಂ, ಅಲ್ಲಿ ಎ.ಸಿ. ಅಭ್ಯಾಸ’ ಎಂದು ಕಿಚಾಯಿಸಿದ, ಮಗಳು ಅವನ ಬೆನ್ನಿಗೆ ಗುದ್ದಿದಳು. ಎಂಜಿನ್ ಹೊರಡಿಸಲು ಈ ಮೆಕ್ಯಾನಿಕ್ ವಿಮಾನದ ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಬೇಕು, ಅದಕ್ಕೆ ಮುಂಚೆ ಸ್ವಿಚ್ಚು ಆಫೋ ಆನೋ ಎಂದು ಕೂಗಬೇಕು, ಒಳಗಿನವನು ಸರಿಯಾಗಿ ಉತ್ತರಿಸಬೇಕು. ತಪ್ಪಿದರೆ ಅವನ ಕೈ ಹೋಗುತ್ತದೆ. ಕೆಲವು ತಿಂಗಳಿಂದ ಮೆಕ್ಯಾನಿಕ್ ಕೂಗುವುದರ ಜೊತೆಗೆ ಹೆಬ್ಬೆರಳನ್ನೂ ಎತ್ತಿ ಇಳಿಸಿ ತೋರಿಸತೊಡಗಿದ್ದ. ಯಾಕೆಂದು ಹೇಳಿರಲಿಲ್ಲ. ಆ ಹೆಬ್ಬೆರಳು ಕಂಡಾಗಲೆಲ್ಲ ಒಳಗೆ ಕೂತವನಿಗೆ ಮುಖ ಬಿಸಿಯಾಗುತ್ತಿತ್ತು, ಮರುಗಳಿಗೆ ಆ ಹೆಬ್ಬೆರಳಿಗಾಗಿಯೇ ಹಾದಿ ಕಾಯುತ್ತಿದ್ದ.

ಮಗಳು ಮುಂದಿನ ಆಸನಕ್ಕೆ ಹತ್ತಿದಳು, ಅವನು ಹಿಂದಿನದಕ್ಕೆ. ಈ ವಿಮಾನವನ್ನು ನಡೆಸುವವನ ಜಾಗ ಹಿಂದಿನದೇ, ಮುಂದೆ ಕೂರುವವರು ಅತಿಥಿಗಳು. ಮಾತಾಡಲು ಎರಡು ರಬ್ಬರಿನ ಕೊಳವೆಗಳಿದ್ದವು, ಒಂದು ಹೋಗಲು ಒಂದು ಬರಲು, ತುದಿ ಟೋಪಿಯ ಕಿವಿಗೆ ಸಿಕ್ಕಿಸಿಕೊಳ್ಳುವುದು. ಬೆಲ್ಟು ಬಿಗಿಯುತ್ತ ಅವನು ತನಗೆ ತಾನೇ ಆಣೆ ಹಾಕಿಕೊಂಡ: ಇವತ್ತು ಕೋಲನ್ನು ಅವಳಿಗೆ ಕೊಡುತ್ತೇನೆ. ಕೊಟ್ಟಮೇಲೆ ಅವಳಾಗಿ ವಾಪಸು ಕೊಡುವವರೆಗೆ ಕೈ ಹಾಕುವುದಿಲ್ಲ. ಏನೇ ಆಗಲಿ, ರೆಕ್ಕೆ ಕಳಚಿ ಬೀಳಲಿ, ಹಾಕುವುದಿಲ್ಲ. ಆಫಿಗೆ ಹೆಬ್ಬೆರಳು ಇಳಿಯಿತು, ಆನಿಗೆ ಏರಿತು, ಎಂಜಿನ್ ಕೆಮ್ಮಿ ಹಿಡಿದುಕೊಂಡಿತು.

ಹುಲ್ಲಿನ ಮೇಲೆ ಕುಲುಕುತ್ತ ಓಡಿ, ಬಾಲ ಮೇಲೆದ್ದು, ಕುಲುಕಾಟ ತೆಳುವಾಗುತ್ತ ತೆಳುವಾಗುತ್ತ ಇದ್ದಕ್ಕಿದ್ದ ಹಾಗೆ ಇಲ್ಲವೇ ಆಗುತ್ತದಲ್ಲ, ಆ ಗಳಿಗೆಗೆ ಅವನು ಇಷ್ಟು ವರ್ಷವಾದರೂ ಒಗ್ಗಿರಲಿಲ್ಲ. ಹೊಟ್ಟೆಯೊಳಗೆ ಯಾರೋ ಕಚಗುಳಿ ಇಟ್ಟ ಹಾಗೆ. ಮೈಗೆ ಗೋಡೆಯಿಲ್ಲ, ತಲೆಗೆ ಸೂರಿಲ್ಲ; ಎದೆಯವರೆಗೆ ಬಟ್ಟೆ ಮರದ ಒಂದು ತೊಟ್ಟಿ, ಅದರಾಚೆಗೆ ನೇರ ಆಕಾಶ. ತಲೆ ಆಚೆ ಹಾಕಿದರೆ ಗಾಳಿ ಕಪಾಳಕ್ಕೆ ಹೊಡೆಯುತ್ತದೆ. ಎಂಜಿನ್ನಿನ ಎಣ್ಣೆಯ ಒಂದು ಹನಿ ಬಂದು, ಪಟ್ಟಿ ಕಟ್ಟಿ ಬಿಗಿದ ಹಾರಾಟದ ಕನ್ನಡಕದ ಮೂಲೆಯಲ್ಲಿ ಕೂರುತ್ತದೆ. ಕೆಳಗೆ ಚಾವಣಿಗಳು, ಒಣಹಾಕಿದ ಬಿಳಿ ಬಟ್ಟೆಗಳು, ನೀರಿನ ಟ್ಯಾಂಕು, ಕೆರೆ, ಅದರಾಚೆ ಅರ್ಧ ಕಡಿದ ಕಲ್ಲುಗಣಿಯ ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ಕರೆಂಟಿನ ದೊಡ್ಡ ಗೋಪುರಗಳು. ಸಾಯುವುದು ಇಲ್ಲಿ ಬಹಳ ಸುಲಭ, ಅದಕ್ಕೇ ಬದುಕಿರುವುದು ಇಷ್ಟು ಗಟ್ಟಿಯಾಗಿ ಗೊತ್ತಾಗುತ್ತದೆ ಎಂದು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗಂತೂ ಹೇಳಲು ಸಾಧ್ಯವೇ ಇರಲಿಲ್ಲ. ಎರಡು ರೆಕ್ಕೆಗಳ ನಡುವೆ ಬಿಗಿದ ತಂತಿಗಳು ಹಾಡಬೇಕು. ವೇಗ ಹೆಚ್ಚಿದರೆ ಅವುಗಳ ದನಿ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ‘ವೇಗದ ಮುಳ್ಳು ನೋಡ್ಬೇಡ, ತಂತಿ ಕೇಳು’ ಎಂದು ಎಷ್ಟು ಹುಡುಗರಿಗೆ ಹೇಳಿಕೊಟ್ಟಿದ್ದ. ಈಗ ತಂತಿಗಳು ಬಿಸಿಲಿಗೆ ಮಿನುಗುತ್ತಿದ್ದವು, ಅಷ್ಟೆ. ಹೋದ ವಾರ ನೆಲಕ್ಕೆ ಬಡಿದದ್ದೂ ಇದಕ್ಕೇ.

ಮಟ್ಟ ಮಾಡಿ, ಎಂಜಿನ್ ಹದಕ್ಕೆ ತಂದು, ಕೊಳವೆಯಲ್ಲಿ ‘ನಿಂದು’ ಎಂದ. ಅವಳ ಟೋಪಿ ಅಲುಗಿತು. ಎಡಗಿವಿಯಲ್ಲಿ ಉತ್ತರ ಬಂತು: ‘ನಂದು, ಅಪ್ಪ.’ ಅವನು ಕೈ ತೆಗೆದು ಎರಡೂ ಮಂಡಿಗಳ ಮೇಲೆ ಇಟ್ಟುಕೊಂಡ. ಪೆಡಲಿನಿಂದ ಕಾಲನ್ನೂ ತೆಗೆದ. ಕೊಟ್ಟ ಮೇಲೆ ಪೂರ್ತಿ ಕೊಡಬೇಕು.

ಮತ್ತೆ ಏನು ಹೇಳುವುದು! ಎಂಥ ಕೈ ಅವಳದು! ಕೋಲು ಅವನ ಮಂಡಿಗಳ ನಡುವೆ ಅಲುಗುತ್ತಲೇ ಇರಲಿಲ್ಲ. ಅವನು ಹಾರಿಸುವಾಗ ಸದಾ ಏನಾದರೊಂದು ತಿದ್ದುತ್ತಿರುತ್ತಾನೆ, ಗಾಳಿಯ ಸಣ್ಣ ಕುಲುಕಿಗೂ ಉತ್ತರ ಕೊಡುತ್ತಾನೆ, ಜಗಳಗಂಟ. ಇವಳು ಹಾಗಲ್ಲ. ಗಾಳಿ ಕುಲುಕಿದರೆ ಕುಲುಕಲಿ ಎಂದು ಬಿಟ್ಟಿದ್ದಾಳೆ, ಚಿಕ್ಕಮ್ಮ ತಾನೇ ಸುಧಾರಿಸಿಕೊಳ್ಳುತ್ತಾಳೆ. ನಂಬಿಕೆ ಎಂದರೆ ಇದು. ಇದನ್ನು ತಾನು ಕಲಿಸಲಿಲ್ಲ, ತನ್ನಿಂದ ಕಲಿಸಲು ಆಗುತ್ತಲೂ ಇರಲಿಲ್ಲ. ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಅವಳ ಟೋಪಿಯ ಹಿಂಭಾಗ ನೋಡುತ್ತ ಕೂತ. ಟೋಪಿಯ ಅಂಚಿನಿಂದ ಒಂದೆರಡು ಎಳೆ ಕೂದಲು ಹೊರಬಂದು ಹಾರಾಡುತ್ತಿದ್ದವು, ಅವುಗಳಲ್ಲಿ ಒಂದು ಬೆಳ್ಳಗಿತ್ತು. ಅರೆ, ಇವಳಿಗೂ ನರೆ ಬಂತೇ ಎಂದು ಅವನಿಗೆ ಆಶ್ಚರ್ಯವಾಯಿತು.

ಎಡ ರೆಕ್ಕೆ ಮೆಲ್ಲಗೆ ಬಾಗತೊಡಗಿತು. ಕೆರೆ ತೋರಿಸುತ್ತಾಳೆ ಎಂದುಕೊಂಡ. ಕೆರೆ ಅಡಿಯಲ್ಲಿ ಸರಿದುಹೋಯಿತು, ರೆಕ್ಕೆ ಇನ್ನೂ ಬಾಗಿತು. ಮೂಗು ಒಂದು ಚೂರು ಇಳಿಯಿತು. ಸರಿ, ಗಣಿಯ ಕಡೆ. ಗಣಿಯಲ್ಲಿ ನೋಡಲಿಕ್ಕೆ ಏನಿದೆ? ಅವನ ಬಲಗೈ ಮಂಡಿಯ ಮೇಲೆ ಎದ್ದಿತು, ಎಡಗೈ ಅದರ ಮೇಲೆ ಕೂತು ಅದುಮಿತು. ಹಾಕಬೇಡ. ಅವಳು ಇದಕ್ಕಿಂತ ದೊಡ್ಡ ವಿಮಾನಗಳನ್ನು ನಡೆಸುವವಳು, ನೂರಾರು ಜನ ಅವಳ ಬೆನ್ನ ಹಿಂದೆ ನಿದ್ದೆ ಮಾಡುತ್ತಾರೆ, ನಿನಗೊಬ್ಬನಿಗೆ ಕೂತಿರಲು ಆಗುವುದಿಲ್ಲವೇ? ಆಗ ಎಡಗೆನ್ನೆ ತಣ್ಣಗಾಯಿತು. ತೆರೆದ ವಿಮಾನದಲ್ಲಿ ಗಾಳಿ ಮೂಗಿನ ನೇರಕ್ಕೆ ಬರಬೇಕು. ಕೆನ್ನೆಗೆ ಬಂತೆಂದರೆ ವಿಮಾನ ಪಕ್ಕಕ್ಕೆ ಜಾರುತ್ತಿದೆ ಎಂದರ್ಥ. ಪೆಡಲು ಒತ್ತಮ್ಮ, ಎಂದು ಮನಸ್ಸಿನಲ್ಲೇ ಹೇಳಿದ. ಒತ್ತಲಿಲ್ಲ. ಗಾಜಿನ ಹಿಂದೆ ಕೂತು ಕೂತು ಕೆನ್ನೆಗೆ ಅಭ್ಯಾಸ ತಪ್ಪಿದೆ ಪಾಪ. ಗುಡ್ಡದ ಕಡಿದ ಮುಖ ಎದುರಿಗೆ ಬೆಳೆಯುತ್ತಿತ್ತು, ಗೋಪುರಗಳ ತುಕ್ಕು ಕಾಣುತ್ತಿತ್ತು. ತಂತಿಗಳು ಈಗ ಕಿರುಚುತ್ತಿರಬೇಕು, ಅವಳಿಗೆ ಕೇಳಿಸುತ್ತಿರಬೇಕು, ಕೇಳಿಸಿದರೆ ಯಾಕೆ ಸುಮ್ಮನಿದ್ದಾಳೆ? ಕಿತ್ಕೋ ಮೇಷ್ಟ್ರೇ, ಈಗಲಾದರೂ ಕಿತ್ಕೋ ಎಂದಿತು ಮೈಯೆಲ್ಲ. ಅವಳ ಮುಖಕ್ಕೆ ಇನ್ನೊಂದು ಸಲ ಅದೇ ಅವಮಾನ ಎಸೆಯುವುದೇ? ಇಬ್ಬರೂ ಸತ್ತರೆ ಅವಮಾನವೆಲ್ಲಿ ಬಂತು? ಅವನ ಬೆರಳುಗಳು ಪ್ಯಾಂಟಿನ ಬಟ್ಟೆಯನ್ನು ಹಿಂಡುತ್ತಿದ್ದವು. ಅಷ್ಟರಲ್ಲಿ ಮುಂದಿನ ಆಸನದಿಂದ ಅವಳ ಎಡಗೈ ಹೊರಗೆ ಬಂತು, ಅದರ ಹಿಂದೆಯೇ ಬಲಗೈ. ಎರಡೂ ಕೈಗಳನ್ನು ಅವಳು ಅಗಲಕ್ಕೆ ಚಾಚಿ ಗಾಳಿಗೆ ಒಡ್ಡಿದಳು.

ಎರಡೂ ಕೈ.

ಅವನು ತನ್ನ ಎರಡು ಕೈಗಳನ್ನು ನೋಡಿಕೊಂಡ, ಮಂಡಿಗಳ ಮೇಲೆ. ಜೀವ ಬಾಯಿಗೆ ಬಂತು. ಆದರೆ ಕೈ ಮಾತ್ರ ಕಿತ್ತುಕೊಳ್ಳಲಿಲ್ಲ. ಮಲಗಿದ ಮಗುವಿನ ತಲೆ ಎತ್ತಿ ದಿಂಬು ಸರಿಸುವ ಹಾಗೆ ಎರಡು ಬೆರಳಲ್ಲಿ ಕೋಲನ್ನು ತೆಗೆದುಕೊಂಡಿತು, ಕಾಲು ಪೆಡಲಿಗೆ ಹೋಯಿತು. ರೆಕ್ಕೆ ಎದ್ದಿತು, ಮೂಗು ಎದ್ದಿತು, ಗಾಳಿ ಕೆನ್ನೆಯಿಂದ ಮೂಗಿಗೆ ಬಂತು, ಗೋಪುರದ ತುದಿ ಚಕ್ರಗಳ ಅಡಿಯಲ್ಲಿ ಹಾದುಹೋಯಿತು, ಅದರ ಕಂದು ಪಿಂಗಾಣಿಯ ಬಿಲ್ಲೆಗಳ ಮೇಲಿನ ಧೂಳು ಕೂಡ ಕಂಡಿತು. ಮಗಳು ಕೈ ಒಳಗೆ ಎಳೆದುಕೊಳ್ಳಲೇ ಇಲ್ಲ. ಏನೋ ಕೂಗಿದಳು, ಅದು ಕೊಳವೆಯಲ್ಲಿ ಅವನ ಕಿವಿಗೆ ಬರೀ ಕಚಗುಳಿಯಾಗಿ ಬಂತು. ಉಸಿರು ಬಿಗಿಹಿಡಿದು ಬಂದು, ಭಯಕ್ಕೆ ಮೈಯೆಲ್ಲ ಕಣ್ಣಾಗಿ, ಚಿಕ್ಕಮ್ಮನನ್ನು ಹುಲ್ಲಿಗೆ ಮುಟ್ಟಿಸಿದರೆ ಮುಟ್ಟಿಸಿದ್ದೇ ತಿಳಿಯಲಿಲ್ಲ. ಹ್ಯಾಂಗರಿನ ಬಾಗಿಲಲ್ಲಿ ಕಾರ್ಯದರ್ಶಿ ಚಪ್ಪಾಳೆ ತಟ್ಟುತ್ತಿದ್ದ.

ಎಂಜಿನ್ ನಿಂತಿತು. ಮಗಳು ಟೋಪಿ ಕಿತ್ತೆಸೆದು, ರೆಕ್ಕೆಯ ಮೇಲೆ ನಿಂತು, ಅವನ ಆಸನದ ಅಂಚು ಹಿಡಿದು ಬಗ್ಗಿದಳು. ಎಡಗೆನ್ನೆ ಕೆಂಪಾಗಿತ್ತು, ಕಣ್ಣಲ್ಲಿ ನೀರು. ‘ಅಪ್ಪ! ಕೆನ್ನೆ ಗಾಳಿ! ನೆನಪಿತ್ತಾ ನಿನಗೆ? ನಾನು ಸಣ್ಣವಳಿದ್ದಾಗ ದಿಂಬಿನ ಮೇಲೆ ಕೂರಿಸಿ ಹಾಗೆ ಜಾರಿಸ್ತಿದ್ದೆಯಲ್ಲ, ಒಂದು ಕೆನ್ನೆಗೇ ಗಾಳಿ ಹೊಡೆಯೋ ಹಾಗೆ? ನಾನು ಕೈ ಎರಡೂ ಆಚೆ ಹಾಕ್ತಿದ್ದೆ, ಅಮ್ಮ ಕೆಳಗಿಂದ ಬೈತಿದ್ಲು?’ ಹೌದು, ಜಾರಿಸುತ್ತಿದ್ದ. ಅವನಿಗೆ ಮರೆತೇಹೋಗಿತ್ತು. ‘ಎಷ್ಟು ಹಗುರ ಇತ್ತು ನಿನ್ನ ಕೈ! ಕೋಲು ಅಲುಗಲೇ ಇಲ್ಲ. ಇಷ್ಟು ಚೆನ್ನಾಗಿ ನೀನು ಯಾವತ್ತೂ ಹಾರಿಸಿರಲಿಲ್ಲ ಅಪ್ಪ, ಸತ್ಯವಾಗಿ ಹೇಳ್ತೀನಿ.’ ಆಮೇಲೆ ಅವಳ ದನಿ ತಗ್ಗಿತು, ಅವನು ತುಟಿ ನೋಡಬೇಕಾಯಿತು. ‘ನಾನು ಯಾಕೆ ಬಂದೆ ಗೊತ್ತಾ? ಸೆಕ್ರೆಟರಿ ಫೋನ್ ಮಾಡಿದ್ರು. ಅಪ್ಪಂಗೆ ಬಿಡೋಕೆ ಹೇಳು, ನಮ್ಮ ಮಾತು ಕೇಳಲ್ಲ ಅಂದ್ರು. ರಾತ್ರಿಯೆಲ್ಲ ಹೇಗೆ ಹೇಳೋದು ಅಂತ ಒದ್ದಾಡಿದೀನಿ. ಈಗ ಹೇಳಲ್ಲ. ಈ ಕೈ ಇರೋವರೆಗೆ ನೀನು ಹಾರಿಸು. ಅವರಿಗೆ ನಾನು ಹೇಳ್ತೀನಿ.’

ಇದಕ್ಕಿಂತ ಹೆಚ್ಚಿಗೆ ಅವನಿಗೆ ಈ ಲೋಕದಿಂದ ಏನು ಬೇಕಿತ್ತು? ಕಿತ್ಕೋ ಮೇಷ್ಟ್ರ ಕೈ ಹಗುರ ಎಂದು ಇವಳು, ಇವಳೇ, ಹೇಳುತ್ತಿದ್ದಾಳೆ. ಸುಮ್ಮನೆ ಕೂತಿದ್ದರೆ ಸಾಕು. ‘ಹೂಂ’ ಅಂದರೂ ಸಾಕು, ಅದೇನು ಹೊಸದೇ. ಹ್ಯಾಂಗರಿನ ನೆರಳಲ್ಲಿ ಮುಂದಿನ ಸವಾರಿಗೆ ಬಂದ ಒಬ್ಬ ಹಲ್ಲಿನ ಡಾಕ್ಟರು ಆಗಲೇ ಟೋಪಿ ಕನ್ನಡಕ ಹಾಕಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ಹೆಂಡತಿಯ ಕೈಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ. ಅವನ ಹೆಂಡತಿ ನಗುತ್ತ ಅವನ ಟೋಪಿಯ ಪಟ್ಟಿ ಸರಿಮಾಡಿದಳು.

‘ಮೇಲೆ ನಾನು ನಿಂದು ಅಂದಾಗ, ನೀನು ಏನಂದೆ?’ ಎಂದು ಅವನು ಕೇಳಿದ.

‘ನಿಂದು ಅಂದೆ. ನಿನ್ನ ಕೈ ನೋಡೋಕೆ ತಾನೆ ನಾನು ಬಂದಿದ್ದು? ನಿಂದೇ ಇರ್ಲಿ ಅಂತ. ಯಾಕೆ?’

‘ನನಗೆ ನಂದು ಅಂತ ಕೇಳಿಸ್ತು.’

ಅವಳು ನಕ್ಕಳು. ‘ಹೋಗಪ್ಪ. ತಮಾಷೆ ಮಾಡ್ತಿದ್ದೀಯ ತಾನೆ?’ ಬೆಳಗ್ಗೆ ಹೆಂಡತಿಯ ಮುಂದೆ ತೆರೆದುಕೊಂಡಿದ್ದ ಅದೇ ಕಿಂಡಿ. ಹೌದು ಎಂದರೆ ನುಸುಳಿ ಹೋಗಬಹುದು.

‘ಇಲ್ಲ ಮಗಳೇ. ನನಗೆ ಕಿವಿ ಕೇಳಿಸಲ್ಲ. ತೆಳ್ಳಗಿದ್ದದ್ದು ಯಾವುದೂ ಕೇಳಿಸಲ್ಲ. ಸಕ್ಕರೆ ಅಂದ್ರೆ ಅಕ್ಕರೆ ಅಂತ ಕೇಳಿಸುತ್ತೆ. ನೀನು ಹಾರಿಸ್ತಿದ್ದೀಯ ಅಂತ ನಾನು ಕೈ ಬಿಟ್ಟು ಕೂತಿದ್ದೆ.’

ಅವಳ ನಗು ಮುಖದ ಮೇಲೆ ಹಾಗೇ ಇತ್ತು, ತೆಗೆಯಲು ಮರೆತವಳ ಹಾಗೆ. ‘ಹಾಗಾದ್ರೆ ಗಣಿ ಹತ್ರ… ಆಗ ಯಾರು…’

‘ಯಾರೂ ಇಲ್ಲ. ಚಿಕ್ಕಮ್ಮ.’

ಅವಳು ಕೆಳ ರೆಕ್ಕೆಯ ಬುಡದಲ್ಲಿ ಕುಸಿದು ಕೂತಳು. ಮೊದಲು ನಗು ಬಂತು, ತಡೆಯಲಾಗದ ನಗು, ಅದು ಯಾವಾಗ ಅಳುವಾಯಿತೋ ಅವನಿಗೆ ತಿಳಿಯಲಿಲ್ಲ, ಭುಜ ಅಲುಗುವುದು ಎರಡಕ್ಕೂ ಒಂದೇ. ಆಮೇಲೆ ಬೈದಳು. ಎದ್ದು ನಿಂತು, ಅವನ ಮುಖದ ಎದುರಿಗೆ ಬಂದು, ಪ್ರತಿ ಮಾತೂ ತಿಳಿಯುವಂತೆ ಬೈದಳು. ‘ನಾಚಿಕೆ ಆಗಲ್ವಾ ನಿನಗೆ? ಬೇರೆ ಯಾರಾದ್ರೂ ಕೂತಿದ್ದಿದ್ರೆ? ಅಮ್ಮಂಗೆ ಯಾರು ಬಂದು ಹೇಳ್ಬೇಕಿತ್ತು, ನಾವಿಬ್ಬರೂ ಇಲ್ಲದೆ?’ ಅವನು ಕೇಳಿಸಿಕೊಂಡ. ಒಂದು ಅಕ್ಷರವೂ ತಪ್ಪಲಿಲ್ಲ. ಅವಳಿಗೆ ಸುಸ್ತಾಗಿ ನಿಂತಾಗ ಅವನು ಬೆಲ್ಟು ಬಿಚ್ಚಿ, ಮರದ ಅಂಚು ಹಿಡಿದು ಮೆಲ್ಲಗೆ ಇಳಿದ. ಕನ್ನಡಕ ತೆಗೆದು, ಮೂಲೆಯ ಎಣ್ಣೆಹನಿಯನ್ನು ಅಂಗಿಯ ತೋಳಿನಲ್ಲಿ ಒರೆಸಿ, ಅವಳ ಮುಂದೆ ಹಿಡಿದ.

‘ನಿಂದು’ ಎಂದ.

ಅವಳು ತಲೆಯಾಡಿಸಿದಳು. ಕನ್ನಡಕದ ಪಟ್ಟಿಯ ಒಂದು ತುದಿ ಹಿಡಿದುಕೊಂಡಳು, ಮಾತಾಡಲಿಲ್ಲ. ಅವನು ಬಿಡಲಿಲ್ಲ. ಮೆಕ್ಯಾನಿಕ್ ದೂರದಲ್ಲಿ ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ನಿಂತವನು ಸರಕ್ಕನೆ ಬೇರೆ ಕಡೆ ತಿರುಗಿದ. ಕಾರ್ಯದರ್ಶಿ ಎರಡು ಹೆಜ್ಜೆ ಬಂದವನು ಅಲ್ಲೇ ನಿಂತ. ‘ಉತ್ತರ ಬರೋವರೆಗೆ ಬಿಡಬಾರದು’ ಎಂದ ಅವನು ಮಗಳಿಗೆ, ‘ಮುಖ ಎತ್ತಿ ಹೇಳು, ನೋಡಬೇಕು ನಾನು.’ ಅವಳು ಮುಖ ಎತ್ತಿದಳು. ‘ನಿ’ಗೆ ತುಟಿ ಅಗಲವಾಗುತ್ತದೆ, ‘ನಂ’ಗೆ ಬಾಯಿ ತೆರೆಯುತ್ತದೆ. ತೆರೆಯಿತು. ಅವನು ಬೆರಳು ಸಡಿಲಿಸಿದ.

ಅವಳು ಮೂಗೊರೆಸಿಕೊಂಡು, ಕನ್ನಡಕ ಹಾಕಿಕೊಂಡು, ‘ಮುಂದೆ ಹತ್ತು’ ಎಂದು ಕೈಯಲ್ಲೇ ತೋರಿಸಿದಳು. ‘ಡಾಕ್ಟರು ಕಾಯ್ತಿದ್ದಾರೆ’ ಎಂದ. ‘ಕಾಯ್ಲಿ, ಅವರು ನಮ್ಮನ್ನ ಎಷ್ಟು ಕಾಯಿಸ್ತಾರೆ’ ಎಂದಳು. ಮುಂದಿನ ಆಸನಕ್ಕೆ ಅವನನ್ನು ಮೆಕ್ಯಾನಿಕ್ ಮೂಟೆ ಎತ್ತಿದ ಹಾಗೆ ಎತ್ತಿ ಕೂರಿಸಿದ. ಅತಿಥಿಯ ಆಸನ. ಎಂಜಿನ್ನಿಗೆ ಹತ್ತಿರ, ಬೆಚ್ಚಗಿತ್ತು. ಮೆಕ್ಯಾನಿಕ್ ಪ್ರೊಪೆಲ್ಲರಿನ ಮುಂದೆ ನಿಂತು ಈ ಸಲ ಹೆಬ್ಬೆರಳು ಎತ್ತಲಿಲ್ಲ, ಕೂಗಿದ, ಅಷ್ಟೆ. ಹಿಂದಿನಿಂದ ಉತ್ತರ ಹೋಗಿರಬೇಕು.

ಮತ್ತೆ ಆ ಕುಲುಕಾಟ, ಮತ್ತೆ ಅದ್ಯಾವುದೋ ಗಳಿಗೆಯಲ್ಲಿ ಕುಲುಕಾಟ ಇಲ್ಲವಾಗಿ ಹೊಟ್ಟೆಯಲ್ಲಿ ಕಚಗುಳಿ. ಅವನ ಮಂಡಿಗಳ ನಡುವೆ ಕೋಲು ತನ್ನಷ್ಟಕ್ಕೆ ಅಲುಗುತ್ತಿತ್ತು, ಸಣ್ಣದಾಗಿ, ಬಿಡದೆ, ಗಾಳಿಯ ಪ್ರತಿ ಮಾತಿಗೂ ಉತ್ತರ ಕೊಡುತ್ತ. ಅರೆ, ಇದು ತನ್ನದೇ ಕೈ! ಅವಳ ಕೈ ತನ್ನ ಕೈಯ ಹಾಗೇ ಜಗಳಗಂಟ ಕೈ. ಅವನಿಗೆ ಜೋರಾಗಿ ನಗು ಬಂತು. ಚಾವಣಿಗಳು ಸರಿದವು, ಕೆರೆ ಬಂತು. ಕೆರೆಯ ಮೇಲೆ ಕೋಲು ನಡುವಿಗೆ ಬಂದು ನಿಂತಿತು. ಕೊಳವೆಯಲ್ಲಿ ಅವಳು ಏನೋ ಅಂದಳು. ‘ನ’ ಇತ್ತು, ‘ದು’ ಇತ್ತು, ನಡುವೆ ಇದ್ದದ್ದು ಏನೆಂದು ತಿಳಿಯಲಿಲ್ಲ. ಕೊನೆಯ ಒಂದು ಸಲ ಹಿಡಿದುಕೋ ಎನ್ನುತ್ತಿದ್ದಾಳೋ, ಕೈ ಹಾಕಬೇಡ ಎನ್ನುತ್ತಿದ್ದಾಳೋ. ಇನ್ನೊಂದು ಸಲ ಹೇಳು ಎನ್ನಬಹುದಿತ್ತು. ಅವನ ಬಲಗೈ ಮಂಡಿಯಿಂದ ಎದ್ದು ಕೋಲಿನ ಹತ್ತಿರಕ್ಕೆ ಹೋಯಿತು, ಅದರ ಬೆಚ್ಚಗಿನ ತುದಿಯ ಪಕ್ಕದಲ್ಲೇ ಒಂದು ಗಳಿಗೆ ನಿಂತಿತು.

ಆಮೇಲೆ ಅವನು ಎರಡೂ ಕೈಗಳನ್ನು ಹೊರಗೆ ಎತ್ತಿ, ಹಿಂದಿನಿಂದ ಅವಳಿಗೆ ಚೆನ್ನಾಗಿ ಕಾಣುವ ಹಾಗೆ, ಗಾಳಿಯಲ್ಲಿ ಅಗಲಕ್ಕೆ ಚಾಚಿದ. ಮಂಡಿಗಳ ನಡುವೆ ಕೋಲು ಎಡಕ್ಕೆ ಸರಿಯಿತು, ಎಡ ರೆಕ್ಕೆ ಮೆಲ್ಲಗೆ ಬಾಗಿತು, ಎಡಗೆನ್ನೆ ತಣ್ಣಗಾಯಿತು.